ಹತ್ತಕ್ಕೆ ಏಳು

ಖಾಸಬಾಗ, ಬೆಳಗಾವಿ
18 ಜೂನ್ 1984

ಪ್ರೀತಿಯ ಮಗಳು ಬಿಲ್ಕೀಸಳಿಗೆ,

ನಿನ್ನ ಅಬ್ಬಾನ ಸಲಾಂ ಮತ್ತು ದುವಾ. ನಾನು ಇಲ್ಲಿ ಆರಾಮವಾಗಿದ್ದೇನೆ. ನಿನ್ನ ಗಂಡ ಮಜೀದ, ನಿನ್ನ ಅತ್ತೆ, ಮಾವ ಅಮೀನಸಾಬರು ಎಲ್ಲರೂ ಖಾನಾಪುರದಲ್ಲಿ ಆರಾಮ ಇದ್ದಾರೆ ಎಂದುಕೊಂಡಿದ್ದೇನೆ. ಬರೆಯಲು ತಿಂಗಳು ತಡವಾಯಿತು, ಬೇಜಾರಾಗಬೇಡ. ರೋಜಾ ನಡೆದಿದೆ, ಕ್ಲಾಸು ಬಿಡುವಿಲ್ಲ, ಮೇಲೆ ಮಳೆ ಹಿಡಿದಿದೆ ಎಂದೆಲ್ಲ ನೆಪ ಹೇಳಬಹುದು. ಆದರೆ ದಿನಕ್ಕೆ ನಲವತ್ತು ಜನರ ಪತ್ರ ತಿದ್ದುವ ಮನುಷ್ಯನಿಗೆ ಸ್ವಂತ ಮಗಳಿಗೆ ನಾಲ್ಕು ಸಾಲು ಬರೆಯಲು ಪುರುಸೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ನೀನಂತೂ ನಂಬುವುದಿಲ್ಲ.

ಸುತ್ತಿ ಬಳಸಿ ಹೇಳುವುದಿಲ್ಲ. ಮೇ ತಿಂಗಳಲ್ಲಿ ನೀನು ಬರೆದ ಪತ್ರ ಮೈತುಂಬ ಕೆಂಪು ಶಾಯಿ ಮಾಡಿಕೊಂಡು, ಕೆಳಗೆ ಹತ್ತಕ್ಕೆ ಏಳು ಎಂಬ ಅಂಕ ಹೊತ್ತುಕೊಂಡು ನಿನಗೇ ವಾಪಸು ಬಂದಿರಬೇಕು. ಅದನ್ನು ನೋಡಿ ನಿನಗೆ ಏನನ್ನಿಸಿತೋ ಗೊತ್ತಿಲ್ಲ. ನೀನು ಅಂದಿನಿಂದ ಒಂದು ಕಾರ್ಡೂ ಹಾಕಿಲ್ಲ, ಅದರಿಂದಲೇ ಅಂದಾಜು ಮಾಡಿಕೊಂಡಿದ್ದೇನೆ.

ಅದು ಆಗಿದ್ದು ಹೀಗೆ. ನೀನು ಮದುವೆಯಾಗಿ ಹೋದ ಮೇಲೆ ನಾನು ಕ್ಲಾಸಿನ ಜೊತೆಗೆ ಅಂಚೆ ಪಾಠವನ್ನೂ ಶುರು ಮಾಡಿದೆನಲ್ಲ. ಲೋಂಡಾ, ನಂದಗಡ, ನಿಮ್ಮ ಖಾನಾಪುರ, ಹೀಗೆ ಸುತ್ತಲಿನ ಊರುಗಳಲ್ಲಿ ಸರಕಾರಿ ನೌಕರಿಯಲ್ಲಿದ್ದು ಇಲಾಖೆಯ ಕನ್ನಡ ಪರೀಕ್ಷೆಗೆ ಹೆದರಿಕೊಂಡಿರುವವರು ವಾರಕ್ಕೊಂದು ಪತ್ರವನ್ನು ಕನ್ನಡದಲ್ಲಿ ಬರೆದು ನನಗೆ ಕಳಿಸುತ್ತಾರೆ. ತಮ್ಮ ಮನೆಯ ಸುದ್ದಿಯನ್ನೇ ಬರೆಯಬೇಕು, ಪುಸ್ತಕ ನೋಡಿ ಇಳಿಸಬಾರದು, ಅದೊಂದೇ ನಿಯಮ. ನಾನು ಕೆಂಪು ಶಾಯಿಯಲ್ಲಿ ತಿದ್ದಿ, ಅಂಕ ಹಾಕಿ ವಾಪಸು ಕಳಿಸುತ್ತೇನೆ. ಪೋಸ್ಟ್‌ಮನ್ ಬಂಡೆಪ್ಪ ದಿನಾ ಹನ್ನೊಂದು ಗಂಟೆಗೆ ಕಟ್ಟು ತಂದು ಮೇಜಿನ ಮೇಲೆ ಹಾಕಿ ಹೋಗುತ್ತಾನೆ. ನಿನ್ನ ಪತ್ರ ಆ ಕಟ್ಟಿನ ನಡುವೆ ಸೇರಿಹೋಗಿತ್ತು. ಕಣ್ಣು ದಣಿದಿತ್ತು, ಕೈ ತನ್ನಷ್ಟಕ್ಕೆ ತಾನು ನಡೆದಿತ್ತು. ಮರುದಿನ ರಿಜಿಸ್ಟರ್ ತೆರೆದಾಗ ನನ್ನದೇ ಅಕ್ಷರದಲ್ಲಿ ‘ಬಿಲ್ಕೀಸ, ಖಾನಾಪುರ, 7’ ಎಂದು ಇರುವುದು ಕಂಡಿತು. ಅಷ್ಟು ಹೊತ್ತಿಗೆ ಬಂಡೆಪ್ಪ ತಿದ್ದಿದ ಕಟ್ಟನ್ನು ಒಯ್ದಾಗಿತ್ತು.

ತಿದ್ದುವಾಗ ನಾನು ಅಕ್ಷರ ನೋಡುತ್ತೇನೆ, ವಿಷಯ ನೋಡುವುದಿಲ್ಲ. ಲೋಂಡಾದ ಫಾರೆಸ್ಟ್ ಗಾರ್ಡ್ ಸತ್ಯಪ್ಪ ಎಂಬವನು ತನಗೆ ಹೆಣ್ಣು ಹುಟ್ಟಿದೆ ಎಂದು ಎರಡು ಪುಟ ಸಂಭ್ರಮದಿಂದ ಬರೆದಿದ್ದ. ನಾನು ಎಂಟು ಅಂಕ ಕೊಟ್ಟು ಕಳಿಸಿದೆ. ಪಾಪ, ಅವನೇ ಪೇಢೆ ಹಿಡಿದುಕೊಂಡು ಬಂದ. “ಮಾರ್ಕ್ಸ್ ಕೊಟ್ರಿ ಸರ್, ಆದ್ರ ಕೂಸ ಹೆಂಗೈತಿ ಅಂತ ಒಂದ ಮಾತ ಕೇಳಲಿಲ್ಲಲ್ರಿ” ಅಂದ. ನಾನು ನಕ್ಕೆ, ಅವನೂ ನಕ್ಕ. ಹೊರಗಿನವರ ಹತ್ತಿರ ಹಾಗೆ ನಕ್ಕು ಪಾರಾಗಬಹುದು. ನಿನ್ನ ಹತ್ತಿರ ಆಗುವುದಿಲ್ಲ.

ಆದ್ದರಿಂದ ಮಗಳೇ, ನೀನು ಏನು ಬರೆದಿದ್ದೆಯೋ ಅದನ್ನು ಇನ್ನೊಮ್ಮೆ ಬರೆ. ನಿಮ್ಮ ಮನೆಯಲ್ಲಿ ಉರ್ದು ಓದುವವರಿದ್ದಾರೆ, ಮರಾಠಿ ಓದುವವರಿದ್ದಾರೆ, ಕನ್ನಡ ಓದುವವಳು ನೀನೊಬ್ಬಳೇ. ಏನಿದ್ದರೂ ಅಂಜದೆ ಬರೆಯಬಹುದು. ಈ ಸಲ ತಿದ್ದುವುದಿಲ್ಲ.

ಕ್ಲಾಸಿನ ಸುದ್ದಿ ಹೇಳುತ್ತೇನೆ. ಸಾವಂತ್ರವ್ವನ ಈ ಪಡಸಾಲೆಯನ್ನು ಬಾಡಿಗೆಗೆ ಹಿಡಿದು ಐದು ವರ್ಷವಾಯಿತು. ಹಿತ್ತಲಲ್ಲಿ ಅವಳ ಎಮ್ಮೆಗಳು, ಮುಂದೆ ನನ್ನ ಬೆಂಚುಗಳು. ಪಾಠದ ನಡುವೆ ಎಮ್ಮೆ ಒದರಿದರೆ ಅದಕ್ಕೂ ಕನ್ನಡ ಬರುತ್ತದೆ ಎಂದು ಹುಡುಗರು ನಗುತ್ತಾರೆ. ಮುಂಜಾನೆ ಆರೂವರೆಗೆ ನೌಕರದಾರರ ಬ್ಯಾಚು, ಸಂಜೆ ಅಂಗಡಿಕಾರರ ಬ್ಯಾಚು. ಮೇ ತಿಂಗಳಿಂದ ಮಧ್ಯಾಹ್ನ ಹೆಣ್ಣುಮಕ್ಕಳ ಬ್ಯಾಚು ಹೊಸದಾಗಿ ಶುರುವಾಗಿದೆ, ಹನ್ನೊಂದು ಜನ ಬರುತ್ತಾರೆ. ಮರಾಠಿ ಶಾಲೆಯಲ್ಲಿ ಕಲಿತ ಹುಡುಗಿಯರು, ಮುಂದೆ ನೌಕರಿ ಹಿಡಿಯಬೇಕೆಂಬ ಆಸೆ ಇರುವವರು. ನಿನ್ನ ಅಮ್ಮಿ ಇದ್ದಿದ್ದರೆ ಅವರಿಗೆಲ್ಲ ಚಹಾ ಮಾಡಿಕೊಟ್ಟೇ ದಿವಾಳಿ ಎಬ್ಬಿಸುತ್ತಿದ್ದಳು. ನನ್ನ ಹುಸೇನಬೀ ತೀರಿಕೊಂಡು, ಬರುವ ರಜಬ್ ತಿಂಗಳಿಗೆ ನಾಲ್ಕು ವರ್ಷವಾಗುತ್ತದೆ.

ನಾನು ಶಾಲೆಯ ನೌಕರಿ ಬಿಟ್ಟಿದ್ದೇಕೆ ಎಂದು ನೀನು ಎಷ್ಟೋ ಸಲ ಕೇಳಿದ್ದೆ. ನಿನ್ನ ಅಮ್ಮಿಗೆ ಮಾತ್ರ ಹೇಳಿದ್ದೆ. ಆ ಶಾಲೆಯಲ್ಲಿ ಹದಿನೇಳು ವರ್ಷ ಕನ್ನಡ ಕಲಿಸಿದೆ, ಒಂದು ಸಲವೂ ಹತ್ತನೆಯ ತರಗತಿ ಕೊಡಲಿಲ್ಲ. ಒಂದು ದಿನ ಹೆಡ್‌ಮಾಸ್ತರರ ಕೋಣೆಯ ಹೊರಗೆ ನಿಂತಿದ್ದೆ. ಒಳಗೆ ಅವರು ಯಾರಿಗೋ ಹೇಳುತ್ತಿದ್ದರು, “ಗೌಸಸಾಬರು ಛಲೋ ಕಲಸ್ತಾರ, ಖರೇ. ಆದ್ರ ಸಾಬರ ಕಡಿಂದ ಎಸ್ಸೆಸ್ಸೆಲ್ಸಿಗೆ ಕನ್ನಡ ಅಂದ್ರ ಪಾಲಕರು ಏನ ಅಂದಾರು?” ನಾನು ಒಳಗೆ ಹೋಗಲಿಲ್ಲ. ಮನೆಗೆ ಬಂದು ರಾಜೀನಾಮೆ ಬರೆದೆ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ, ಅಷ್ಟು ಹಟದಿಂದ ಬರೆದಿದ್ದೆ. ಇನ್ನು ಮುಂದೆ ಯಾವ ಪಾಲಕರು ಏನು ಅಂದಾರು ಎಂದು ಅಂಜುವ ಮನುಷ್ಯನ ಕೈಕೆಳಗೆ ದುಡಿಯುವುದಿಲ್ಲ ಎಂದು ನಿನ್ನ ಅಮ್ಮಿಯ ಮುಂದೆ ಎದೆ ತಟ್ಟಿಕೊಂಡೆ. ಬಾಗಿಲ ಮೇಲೆ ‘ಗೌಸಸಾಬ ಕನ್ನಡ ಕ್ಲಾಸು’ ಎಂಬ ಬೋರ್ಡು ಬಂದ ದಿನ ನಾನು ಹಾದಿಯ ಆಚೆ ನಿಂತು ಎಷ್ಟು ಹೊತ್ತು ನೋಡಿದ್ದೆನೋ.

ಮಾಲಕನಾಗುವುದು ಏನು ಎಂದು ಆಗ ಗೊತ್ತಿರಲಿಲ್ಲ. ಶಾಲೆಯಲ್ಲಿ ಜಗಳಾಡಲಿಕ್ಕಾದರೂ ಜೊತೆಯ ಮಾಸ್ತರರು ಇದ್ದರು. ಇಲ್ಲಿ ಪಾಠ ಮುಗಿದರೆ ಬೆಂಚು ಮತ್ತು ನಾನು. ಇನ್ನೊಂದು ಹೇಳಲೇ? ಹೊಸಬರಿಗೆ ಮೊದಲ ಪಾಠ ‘ನೀವು ಹೇಗಿದ್ದೀರಿ?’ ಎಂದು ಕೇಳುವುದು. ದಿನಕ್ಕೆ ಮೂವತ್ತು ಜನ ನನ್ನ ಮುಖ ನೋಡಿ ಸ್ಪಷ್ಟವಾಗಿ, ಸರಿಯಾಗಿ ಉಚ್ಚರಿಸಿ ಅದನ್ನೇ ಕೇಳುತ್ತಾರೆ. ‘ನಾನು ಚೆನ್ನಾಗಿದ್ದೇನೆ’ ಎಂದು ನಾನು ಮೂವತ್ತು ಸಲ ಹೇಳುತ್ತೇನೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಮಾತು ಕೇಳಿದರೆ ಸಾಕು, ತಲೆ ಕೆಡುತ್ತದೆ. ನಿಜವಾಗಿ ಕೇಳಿದವರು ಯಾರೂ ಇಲ್ಲ ಮಗಳೇ.

ಪತ್ರ ಬರೆ. ಎಲ್ಲರಿಗೂ ನನ್ನ ಸಲಾಂ ಹೇಳು.

ನಿನ್ನ ಅಬ್ಬಾ
ಗೌಸಸಾಬ


ಖಾಸಬಾಗ
4 ಜುಲೈ 1984

ಮಗಳು ಬಿಲ್ಕೀಸಳಿಗೆ ಈದ್ ಮುಬಾರಕ್.

ಹಬ್ಬ ಕಳೆದು ಮೂರು ದಿನವಾಯಿತು. ನಿನ್ನ ಕಾರ್ಡು ಬರುತ್ತದೆ ಎಂದು ಕಾಯುತ್ತ ಈ ಕಾರ್ಡು ಹಾಕಲು ತಡವಾಯಿತು. ಹಾಲು, ಶಾವಿಗೆ ಹಾಕಿ ಸುರಕುಂಬಾ ನಾನೇ ಮಾಡಿದೆ. ನಿನ್ನ ಅಮ್ಮಿಯ ಅಳತೆಯಲ್ಲಿ ಮಾಡಿ ದೊಡ್ಡ ಪಾತೇಲಿ ತುಂಬಿಬಿಟ್ಟಿತು, ತಿನ್ನುವವನು ಒಬ್ಬ. ಕ್ಲಾಸಿನವರಿಗೆ ಹಂಚಿದೆ. ಒಬ್ಬೊಬ್ಬರೂ ‘ಇದು ತುಂಬಾ ರುಚಿಯಾಗಿದೆ ಸರ್’ ಎಂದು ಪಾಠದಲ್ಲಿ ಇದ್ದ ಹಾಗೇ ಹೇಳಿದರು. ಸಕ್ಕರೆ ಹಾಕುವುದು ಮರೆತಿದ್ದೆ ಎಂದು ಆಮೇಲೆ ನಾನು ತಿಂದಾಗ ತಿಳಿಯಿತು.

ಬಂಡೆಪ್ಪ ದಿನಾ ಕಟ್ಟು ಬಿಚ್ಚುವ ಮೊದಲೇ ಹೇಳುತ್ತಾನೆ, “ಖಾನಾಪುರದ ಶಿಕ್ಕಾ ಬಿದ್ದ ಪತ್ರ ಎರಡ ಅದಾವ್ರಿ ಮಾಸ್ತರ, ಬಿಲ್ಕೀಸ ಬಾಯಾರದು ಯಾವುದೂ ಇಲ್ಲ.” ಸಾವಂತ್ರವ್ವ ಹಾಲು ಕೊಡಲು ಬಂದಾಗ ಕೇಳುತ್ತಾಳೆ, “ಊರ ಮಂದಿ ಪತ್ರ ಎಲ್ಲಾ ನಿಮ್ಮನಿಗೇ ಬರತಾವು, ಮಗಳದು ಒಂದ ಬರೂದಿಲ್ಲಂದ್ರ ಏನ್ರಿ ಇದು?” ನಾನು ಮಳೆಗಾಲ, ಅಂಚೆ ತಡ ಎಂದೆ. “ಉಳದವರ ಪತ್ರಕ್ಕ ಮಳಿ ಹತ್ತೂದಿಲ್ಲೇನ್ರಿ?” ಎಂದು ಚೊಂಬು ಎತ್ತಿಕೊಂಡು ಹೋದಳು. ಅವಳ ಹತ್ತಿರ ಮಾತಿನಲ್ಲಿ ಗೆದ್ದವರಿಲ್ಲ.

ಜಾಗ ಮುಗಿಯಿತು. ಎರಡು ಸಾಲು ಬರೆ. ಸಿಟ್ಟಿದ್ದರೆ ಸಿಟ್ಟನ್ನೇ ಬರೆ.

ಅಬ್ಬಾ


ಖಾಸಬಾಗ, ಬೆಳಗಾವಿ
13 ಸೆಪ್ಟೆಂಬರ್ 1984

ಪ್ರೀತಿಯ ಬಿಲ್ಕೀಸ,

ಅಬ್ಬಾನ ದುವಾ. ಭಾನುವಾರ ನಿಮ್ಮ ಮನೆಗೆ ಬಂದು ಹೋದವನು ಗುರುವಾರ ಪತ್ರ ಬರೆಯುತ್ತಿದ್ದೇನೆ. ಮುಟ್ಟಿದ ಸುದ್ದಿ ಕೂಡಲೇ ತಿಳಿಸಬೇಕಿತ್ತು. ನಾಲ್ಕು ದಿನ ಮೇಜಿನ ಮುಂದೆ ಕೂತೆ, ಎದ್ದೆ. ಕ್ಷಮಿಸು.

ಹೇಳದೆ ಕೇಳದೆ ಬಂದಿದ್ದಕ್ಕೆ ನಿನ್ನ ಮಾವ ಬೇಜಾರು ಮಾಡಿಕೊಳ್ಳಲಿಲ್ಲ. ಅಮೀನಸಾಬರು ಎದ್ದು ಬಂದು ಅಪ್ಪಿಕೊಂಡರು, ತಮ್ಮ ಕಟ್ಟಿಗೆ ಅಡ್ಡೆಯನ್ನೆಲ್ಲ ಸುತ್ತಿ ತೋರಿಸಿದರು. ಮಳೆಯಲ್ಲಿ ನೆನೆದ ಸಾಗವಾನಿಯ ವಾಸನೆ ಇನ್ನೂ ನನ್ನ ಅಂಗಿಗೆ ಇದೆ. ‘ನಿಮ್ಮ ಮಗಳು ಬಂಗಾರ, ಎದುರು ಮಾತಾಡಿದವಳಲ್ಲ’ ಎಂದು ನಿನ್ನ ಅತ್ತೆ ಎರಡು ಸಲ ಹೇಳಿದರು. ನಾನು ಹೆಮ್ಮೆಪಡಬೇಕಿತ್ತು. ಆದರೆ ನನ್ನ ಮಗಳು ಎದುರು ಮಾತಾಡದೆ ಇದ್ದವಳಲ್ಲವಲ್ಲ, ನನ್ನ ಜೊತೆ ಎಷ್ಟು ಜಗಳಾಡುತ್ತಿದ್ದಳು, ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಊಟಕ್ಕೆ ಕೂತಾಗ ಮಜೀದ ಬಂದ. ಸಲಾಂ ಮಾಡಿದ, ಮಳೆಯ ಮಾತಾಡಿದ, ರೀತಿ ನೀತಿಗೆ ಏನೂ ಕಡಿಮೆ ಮಾಡಲಿಲ್ಲ. ನೀನು ತಂಬಿಗೆ ಹಿಡಿದು ಅವನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಅವನು ತಾಯಿಯ ಕಡೆ ತಿರುಗಿ ‘ನೀರು ಕೊಡಲು ಹೇಳು’ ಅಂದ. ತಾಯಿ ನಿನಗೆ ಹೇಳಿದರು. ನೀನು ನೀರು ಹಾಕಿದೆ. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಎಲ್ಲರೂ ಉಣ್ಣುತ್ತಿದ್ದರು, ನಾನೂ ಉಂಡೆ.

ನಿನ್ನ ಜೊತೆ ಒಂದು ನಿಮಿಷ ಸಿಕ್ಕೀತು ಎಂದು ಇಡೀ ಮಧ್ಯಾಹ್ನ ಕಾದೆ. ಅಂಗಳದಲ್ಲಿ ನೀನು ಹಾದುಹೋಗುವಾಗ ಕನ್ನಡದಲ್ಲಿ “ಹೆಂಗಿದ್ದಿ ಮಗಳ?” ಅಂದೆ. ನೀನು ನಿಲ್ಲಲಿಲ್ಲ. ಸಣ್ಣವಳಿದ್ದಾಗಿನಿಂದ ನಾವಿಬ್ಬರೂ ಕನ್ನಡದಲ್ಲೇ ಗುಟ್ಟು ಮಾತಾಡಿದವರು. ನಿನ್ನ ಅಮ್ಮಿ ‘ಅಪ್ಪ ಮಗಳು ಏನು ಹಂಚಿಕೆ ಹಾಕುತ್ತಿದ್ದೀರಿ’ ಎಂದು ಬೈಯುತ್ತಿದ್ದಳು. ಆ ಬಾಗಿಲನ್ನು ನೀನು ಹಾಕಿಕೊಂಡಿದ್ದೀ ಎಂದು ನನಗೆ ಆಗ ತಿಳಿಯಿತು. ಬಹಳ ನೋವಾಯಿತು.

ಕೊನೆಗೆ ಗೇಟಿನ ತನಕ ಕಳಿಸಲು ನೀನೇ ಬಂದೆ. ಹಾದಿಯ ತಿರುವಿನಲ್ಲಿ ಬೆಳಗಾವಿ ಬಸ್ಸು ಕಾಣುತ್ತಿತ್ತು. ಆಗ ನೀನು ಕನ್ನಡದಲ್ಲಿ ಕೇಳಿದೆ, ದಿನವಿಡೀ ನೀನು ನನ್ನ ಜೊತೆ ಆಡಿದ್ದು ಅದೊಂದೇ ಮಾತು. “ಖರೇ ಹೇಳ್ರಿ ಅಬ್ಬಾ. ನನ್ನ ಪತ್ರ ನೀವ ಓದಿರಲಿಲ್ಲೇನು?”

ನಾನು ಇಲ್ಲ ಅಂದೆ. ಅಂಚೆಯ ಕಟ್ಟು, ದಣಿದ ಕಣ್ಣು, ಎಲ್ಲವನ್ನೂ ಮತ್ತೆ ಹೇಳಿದೆ. ನೀನು ನನ್ನ ಮುಖ ನೋಡುತ್ತ ಪೂರ್ತಿ ಕೇಳಿಸಿಕೊಂಡೆ. ಆಮೇಲೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ, ಮನೆಮಾತು ಉರ್ದುವಿನಲ್ಲಿ “ಬಸ್ ಆಯೀ ಅಬ್ಬಾ, ಜಾವ್” ಎಂದು ಬಸ್ಸಿನ ಕಡೆ ಕೈ ತೋರಿಸಿ ಒಳಗೆ ಹೋದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದವನು ನನ್ನ ಅಂಚೆ ಪಾಠದವನಂತೆ, ಖಾನಾಪುರದ ಕಚೇರಿಯ ಕಾರಕೂನ, ಹೆಸರು ಕರೆಪ್ಪ. ಮುಖ ನೋಡಿದ್ದು ಅದೇ ಮೊದಲು. ಬೆಳಗಾವಿಯ ತನಕ ತನ್ನ ಅಂಕಗಳ ಬಗ್ಗೆಯೇ ಮಾತಾಡಿದ. ಹೋದ ವಾರ ನಾನು ಒಂಬತ್ತು ಕೊಟ್ಟಿದ್ದೆನಂತೆ. “ನಿಮ್ಮಂಥವರು ಇರೂದರಿಂದ ನಾವ ಬದಕೀವ್ರಿ ಸರ್” ಅಂದ. ನಾನು ತಲೆಯಾಡಿಸಿದೆ. ನನಗೆ ಇಳಿದು ನಡೆದುಕೊಂಡೇ ಹೋಗಬೇಕು ಅನ್ನಿಸುತ್ತಿತ್ತು.

ಇಲ್ಲಿ ಬಂದ ಮೇಲೆ ಮತ್ತೆ ಅದೇ ಬ್ಯಾಚು, ಅದೇ ‘ನೀವು ಹೇಗಿದ್ದೀರಿ?’. ಸದಾಶಿವನಗರದಲ್ಲಿ ಇನ್ನೊಂದು ಜಾಗ ಹಿಡಿಯಿರಿ, ದೊಡ್ಡ ಅಧಿಕಾರಿಗಳೇ ಬರುತ್ತಾರೆ ಎಂದು ಜನ ಹೇಳುತ್ತಿದ್ದಾರೆ. ಎರಡು ಕ್ಲಾಸು ನಡೆಸಲು ಇನ್ನೊಬ್ಬರು ಬೇಕು. ಪೇಪರಿನಲ್ಲಿ ಜಾಹೀರಾತು ಹಾಕಿ ಎಂದರು, ಹಾಕಿಲ್ಲ. ನನ್ನ ಪದ್ಧತಿ ಗೊತ್ತಿರುವವರು ಪ್ರಪಂಚದಲ್ಲಿ ಇನ್ನೊಬ್ಬರೇ ಇದ್ದಾರೆ. ಕ್ಲಾಸು ಶುರುವಾದ ಮೊದಲ ವರ್ಷ ನನಗೆ ಜ್ವರ ಬಂದಾಗ ಹದಿನೇಳು ವರ್ಷದ ನೀನು ಎಂಟು ದಿನ ಪಾಠ ನಡೆಸಿದ್ದೆ. ಮೀಸೆ ಹೊತ್ತ ಗುಮಾಸ್ತರನ್ನೆಲ್ಲ ಎದ್ದು ನಿಲ್ಲಿಸಿ ಓದಿಸಿದ್ದೆ. ಈಗಲೂ ಹಳಬರು ಸಿಕ್ಕರೆ ‘ಸಣ್ಣ ಮೇಡಂ ಹೆಂಗದಾರ್ರಿ’ ಎಂದು ಕೇಳುತ್ತಾರೆ.

ಮೈ ಕಡೆ ನೋಡಿಕೋ, ಬಹಳ ತೆಳ್ಳಗಾಗಿದ್ದೀ. ದೇವರು ನಿನಗೆ ದೀರ್ಘಾಯುಷ್ಯ, ನೆಮ್ಮದಿ ಕೊಡಲಿ. ನಿನ್ನ ಅಮ್ಮಿಯ ದುವಾ ನಿನ್ನ ತಲೆ ಕಾಯಲಿ. ನನ್ನ ಪಾಲಿನದೆಲ್ಲ ನಿನಗೇ ಇರಲಿ.

ನಿನ್ನ ಅಬ್ಬಾ
ಗೌಸಸಾಬ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಗೇಟಿನ ಹತ್ತಿರ ಹೇಳಿದ್ದು ಸುಳ್ಳು ಬಿಲ್ಕೀಸ. ಜೂನ್ ತಿಂಗಳಲ್ಲಿ ಬರೆದದ್ದೂ ಸುಳ್ಳು. ನಿನ್ನ ಪತ್ರ ಆ ಕಟ್ಟಿನಲ್ಲಿ ಇರಲೇ ಇಲ್ಲ. ಬಂಡೆಪ್ಪ ಅದನ್ನು ಬೇರೆ ತೆಗೆದು, “ಬಾಯಾರದು ಬಂದೈತ್ರಿ, ಮೊದ್ಲ ಇದನ್ನ ಓದ್ರಿ” ಎಂದು ನನ್ನ ಕೈಯಲ್ಲೇ ಕೊಟ್ಟಿದ್ದ. ಮೂರು ಸಲ ಓದಿದೆ. ಮೊಹರಮ್‌ನಿಂದ ಮಜೀದ ನಿನ್ನನ್ನು ಒಂದು ಸಲವೂ ಹೆಸರು ಹಿಡಿದು ಕರೆದಿಲ್ಲ ಎಂದು ನೀನು ಬರೆದಿದ್ದೆ. ಕಟ್ಟೆಯ ಮೇಲೆ ನೆರೆಮನೆಯ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ, ಅದನ್ನೂ ಬಿಡಿಸಿದರು ಎಂದು ಬರೆದಿದ್ದೆ. ಆದ್ದರಿಂದ ಭಾನುವಾರ ಅವನು ತಾಯಿಯ ಹತ್ತಿರ ನೀರು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ನಿನ್ನ ಪತ್ರ ಬಂದ ದಿನವೇ ಮುಂಜಾನೆ ನಮ್ಮ ಓಣಿಯ ಭರಮಪ್ಪ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಮಧ್ಯಾಹ್ನದ ಬ್ಯಾಚಿಗೆ ಹಚ್ಚಿ ಹೋಗಿದ್ದ. “ನಿಮ್ಮ ಮಗಳ್ನ ಛಲೋ ಮನಿಗೆ ಕೊಟ್ಟೀರಿ, ಆಕಿ ಚಂದಾಗಿ ಬಾಳೇವ ಮಾಡಾಕತ್ತಾಳ. ಅದನ್ನ ನೋಡೇ ನಮ್ಮ ಹುಡಿಗ್ಯಾರ್ನ ನಿಮ್ಮಲ್ಲಿಗೆ ಕಳಸಾಕತ್ತೀವ್ರಿ ಮಾಸ್ತರ” ಅಂದಿದ್ದ. ನಿನ್ನ ಪತ್ರ ಹಿಡಿದು ಕೂತಾಗ ನನಗೆ ಕಂಡದ್ದು ನಿನ್ನ ಮುಖವಲ್ಲ, ಆ ಹನ್ನೊಂದು ಹುಡುಗಿಯರು ಕೂರುವ ಬೆಂಚು ಖಾಲಿಯಾದದ್ದು. ಗಂಡನ ಮನೆ ಬಿಟ್ಟು ಬಂದ ಮಗಳು ಇರುವ ಮನೆಗೆ ಖಾಸಬಾಗದ ಜನ ಹೆಣ್ಣುಮಕ್ಕಳನ್ನು ಕಳಿಸುತ್ತಾರೆಯೇ, ಪಾಲಕರು ಏನು ಅಂದಾರು ಎಂದು ಲೆಕ್ಕ ಹಾಕಿದೆ. ಹೆಡ್‌ಮಾಸ್ತರರ ಅದೇ ಮಾತು ನನ್ನ ಬಾಯಲ್ಲಿ ಬಂತು. ಅವರಿಗಾದರೂ ಆಡಳಿತ ಮಂಡಳಿಯ ಅಂಜಿಕೆ ಇತ್ತು. ನನಗೆ ಮೇಲೆ ಯಾರಿದ್ದರು?

ಬಾ ಅನ್ನಲು ಎದೆಯಾಗಲಿಲ್ಲ. ಬೇಡ ಅನ್ನಲು ಬಾಯಿ ಬರಲಿಲ್ಲ. ಕೆಂಪು ಪೆನ್ನು ಕೈಯಲ್ಲಿತ್ತು. ಏನೂ ತಿಳಿಯದವನ ಹಾಗೆ ತಿದ್ದಿ ಕಳಿಸಿದೆ. ರಿಜಿಸ್ಟರಿನಲ್ಲಿ ನಿನ್ನ ಹೆಸರು ಬರೆದದ್ದೂ ಬೇಕೆಂದೇ, ನಾಳೆ ಹೇಳಿಕೊಳ್ಳಲು ಒಂದು ಆಧಾರವಿರಲಿ ಎಂದು.

ಬರುವ ಭಾನುವಾರ ಮೊದಲ ಬಸ್ಸಿಗೆ ಬಂದು ಗೇಟಿನ ಹೊರಗೆ ನಿಲ್ಲುತ್ತೇನೆ. ಸಂಜೆಯ ಕೊನೆಯ ಬಸ್ಸಿನ ತನಕ ಇರುತ್ತೇನೆ. ಭರಮಪ್ಪ ಮಕ್ಕಳನ್ನು ಬಿಡಿಸಿದರೆ ಬಿಡಿಸಲಿ. ನೀನು ಹೊರಗೆ ಬರುತ್ತೀ ಎಂಬ ಭರವಸೆ ನನಗಿಲ್ಲ, ಇರಬೇಕಾದ್ದೂ ಅಲ್ಲ.

ನಿನ್ನ ಕೊನೆಯ ಸಾಲು ನನಗೆ ಬಾಯಿಪಾಠವಾಗಿದೆ: ‘ಮುಂಜಾನೆಯ ಬ್ಯಾಚನ್ನು ನಾನು ನೋಡಿಕೊಳ್ಳುತ್ತೇನೆ ಅಬ್ಬಾ, ಪಗಾರ ಬೇಡ, ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗಿ.’ ಅದರಲ್ಲಿ ಒಂದೂ ತಪ್ಪಿರಲಿಲ್ಲ. ರೂಢಿಯ ಪ್ರಕಾರ ನಾನು ಅದರ ಪಕ್ಕ ಕೆಂಪು ಶಾಯಿಯಲ್ಲಿ ಸರಿ ಎಂದು ಗುರುತು ಹಾಕಿದ್ದೆ. ಆ ಗುರುತನ್ನು ನೋಡಿ, ಅಬ್ಬಾ ಒಪ್ಪಿದ್ದಾರೆ, ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ನೀನು ಎಷ್ಟು ದಿನ ದಾರಿ ಕಾದೆಯೋ, ಅದನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.